ತಗಡಿನ ಅಕ್ಷರ

ತಿಕೋಟದಿಂದ ಅಥಣಿಗೆ ಹೋಗುವ ದಾರಿಯಲ್ಲಿ
ಎಡಕ್ಕೆ, ಹಸಿರು ಜಾಳಿಗೆಯ ಶೆಡ್ಡುಗಳ ಹಿಂದೆ
ನನ್ನ ಕೆಲಸ:
ಒಣದ್ರಾಕ್ಷಿ ಪೆಟ್ಟಿಗೆಗಳ ಮೇಲೆ ದೇಶಗಳ ಹೆಸರು ಬರೆಯುವುದು.

ಬರೆಯುವುದು ಅನ್ನುವುದೂ ದೊಡ್ಡ ಮಾತು.
ತಗಡಿನಲ್ಲಿ ಕೊರೆದ ಇಂಗ್ಲಿಷ್ ಅಕ್ಷರಗಳಿವೆ,
ಒತ್ತಿಹಿಡಿದು ಕರಿ ಬಣ್ಣದ ಕುಂಚ ಆಡಿಸಿದರೆ
ಪೋಲೆಂಡ್ ಆಯಿತು, ಮೊರಾಕ್ಕೊ ಆಯಿತು.
ಹೊಟ್ಟೆಯಿರುವ ಅಕ್ಷರಗಳದೇ ತ್ರಾಸು.
ಸುತ್ತ ಕೊರೆದರೆ ನಡುವಿನ ತಗಡು ಉದುರಿಬೀಳುತ್ತದೆ,
ಎರಡು ಕಡೆ ಎಳೆಯಷ್ಟು ಸೇತುವೆ ಬಿಡಬೇಕು.
ಪೋಲೆಂಡಿಗೆ ನಾಲ್ಕು ಹೊಟ್ಟೆ,
ಮೊರಾಕ್ಕೊಗೂ ನಾಲ್ಕು.
ಜಗತ್ತಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ಪ್ರತಿ ಪೆಟ್ಟಿಗೆಗೆ ಎರಡು ಸಾಲು.
ಮೇಲಿನದು ಎಲ್ಲಿಗೆ. ಅದು ಲಾರಿಗೊಮ್ಮೆ ಬದಲು.
ಕೆಳಗಿನದು ಎಲ್ಲಿಂದ. ಹನ್ನೊಂದು ವರ್ಷದಿಂದ ಅದೇ ತಗಡು,
ಬಣ್ಣ ಕುಡಿದು ಕುಡಿದು ಅಂಚು ದಪ್ಪಗಾಗಿದೆ.
ಕಣ್ಣು ಮುಚ್ಚಿ ಒತ್ತುತ್ತೇನೆ. ಯಾರು ಓದುತ್ತಾರೆ ಅದನ್ನು?

ಒಳಗೆ ದುಂಡವ್ವ.
ಗಂಧಕದ ಹೊಗೆಗೆ ಬೆರಳ ತುದಿ ಹಳದಿ,
ಕಡ್ಡಿ, ಕಲ್ಲು, ಕಪ್ಪಾದ ಕಾಳು
ನೋಡದೆಯೇ ಆರಿಸಿ ಎಸೆಯುತ್ತದೆ ಕೈ.
ಹೊಸ ಹುಡುಗಿಯರಿಗೆ ಅವಳ ಪಾಠ ಒಂದೇ:
‘ಮಂದಿ ಬಾಯಿಗಿ ಹೋಗೂದೈತಿ, ನೋಡಿ ಮಾಡ್ರಿ.’
ನನ್ನ ಕಡೆ ತಿರುಗಿ:
‘ಲಾಲಸಾಬಣ್ಣ, ಇವತ್ತ ಯಾವ ಓಣಿಗಿ?’
ದೇಶ ಅನ್ನುವುದಿಲ್ಲ ಅವಳು.

ಶ್ರಾವಣದಲ್ಲಿ ಹೋದ ಮಾಲು
ಬನ್ನಿ ಹಬ್ಬ ಮುಗಿದ ಮೇಲೆ ತಿರುಗಿ ಬಂತು.
ಸಾವಿರದ ಇನ್ನೂರು ಪೆಟ್ಟಿಗೆ,
ನಾನೇ ಬರೆದ ಹೆಸರಿನ ಮೇಲೆ ಕೆಂಪು ಠಸ್ಸೆ.
ಹೊಡೆದ ಔಷಧ ಹೆಚ್ಚಾಗಿದೆಯಂತೆ,
ತಿನ್ನಲಿಕ್ಕೆ ಆಗದಂತೆ.

ಸಾವುಕಾರ ಕೆಟ್ಟವನಲ್ಲ.
ನನ್ನ ಮಗಳ ಆಪರೇಷನ್ನಿಗೆ
ಕೇಳುವ ಮುಂಚೆ ಕಿಸೆಗೆ ಕೈ ಹಾಕಿದವ.
ಅಂಗಡಿಯವನು ಹೇಳಿದ್ದನ್ನು ಹೊಡೆದ, ಅಷ್ಟೇ.
ಎರಡು ದಿನ ಊಟ ಬಿಟ್ಟ. ಮೂರನೇ ದಿನ ಬಂದು ಅಂದ:
‘ಇನ್ನೊಂದು ದೇಶ ಐತಿ. ಅಲ್ಲಿ ಮಷೀನ್ ಇಲ್ಲ,
ತಪಾಸ ಮಾಡೂದಿಲ್ಲ. ಹೊಸಾ ತಗಡ ಕೊರಿ.’

ದುಂಡವ್ವ ಜರಡಿಯಿಂದ ತಲೆ ಎತ್ತಲಿಲ್ಲ.
‘ಅಲ್ಲಿ ಕೂಸುಗೋಳು ಇಲ್ಲೇನ್ರೀ?’

ಯಾರೂ ಉತ್ತರ ಕೊಡಲಿಲ್ಲ.
ತೊಳೆಯುವ ಯಂತ್ರ ಗಡಗಡ ಅನ್ನುತ್ತಲೇ ಇತ್ತು.

ರಾತ್ರಿ ಟಿವಿಯಲ್ಲಿ ಎಣಿಸುತ್ತಿದ್ದರು,
ನಮ್ಮ ದೇಶ ಯಾವುದರಲ್ಲಿ ಎಷ್ಟನೆಯದು ಎಂದು.
ನಾನು ತೊಡೆಯ ಮೇಲೆ ತಗಡು ಇಟ್ಟು
ಆ ಹೆಸರು ಕೊರೆಯುತ್ತಿದ್ದೆ.
ಐದೇ ಅಕ್ಷರ. ಅದರಲ್ಲಿ ಮೂರಕ್ಕೆ ಹೊಟ್ಟೆ.

ಮರುದಿನ ಹೊಸ ಪೆಟ್ಟಿಗೆ, ಹಳೇ ಮಾಲು.
ಅದೇಕೋ ಕೆಳಗಿನ ಸಾಲು ಮೊದಲು ಎತ್ತಿಕೊಂಡೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕಣ್ಣು ತೆರೆದು ಒತ್ತಿದೆ ನಮ್ಮ ಹೆಸರು.
ನಮಗೂ ಎರಡು ಹೊಟ್ಟೆ ಇವೆ, ನೋಡಿರಲಿಲ್ಲ.
ಪೆಟ್ಟಿಗೆ ಮೇಲೆ ಪೆಟ್ಟಿಗೆ, ಸಾವಿರದ ಇನ್ನೂರು ಸಲ
ನಾವು, ನಾವು, ನಾವು.
ಕಾಣದ ಓಣಿಯ ಯಾವುದೋ ತಾಯಿ
ಮಗುವಿನ ಅಂಗೈಗೆ ನಾಲ್ಕು ಕಾಳು ಹಾಕುವ ಮುಂಚೆ
ಓದಿದರೆ ಓದುವುದು ಈ ಸಾಲನ್ನೇ.

ಹೊತ್ತು ಇಳಿಯುವಾಗ ಸಾವುಕಾರ ಬಂದ.
‘ಮ್ಯಾಲಿನ ಸಾಲ?’
‘ಕೊರದೀನ್ರಿ. ಒತ್ತೂದು ಮಾತ್ರ
ನಿಮ್ಮ ಕೈಲೆ ಆಗಲಿ.’

ಬೈಯಲಿಲ್ಲ.
ತಗಡು ತೆಗೆದುಕೊಂಡು ಬಾಗಿಲಿಗೆ ಹೋಗಿ
ಬೆಳಕಿಗೆ ಹಿಡಿದ.
ಪಡುವಣ ಬಿಸಿಲು ತೂತುಗಳಲ್ಲಿ ತೂರಿ
ಅವನ ಬಿಳಿ ಅಂಗಿಯ ಮೇಲೆ ಬಿತ್ತು ಆ ದೇಶ,
ಎದೆಯಿಂದ ನಡುವಿನವರೆಗೆ.
ಅವನ ಕೈ ಅಲುಗಿದಾಗಲೆಲ್ಲ
ಮೂರು ಹೊಟ್ಟೆಗಳೂ ಅಲುಗಿದವು,
ಎಳೆಯಷ್ಟು ಸೇತುವೆಗಳ ಮೇಲೆ.